ಹಸಿ ಸೌದೆ

ಮೊದಲು ವಾಸನೆ ಬಂತು, ಊರು ಆಮೇಲೆ. ಬಾಡಿಗೆ ಸೈಕಲ್ಲಿನ ಹಿಂದಿನ ಮೆತ್ತೆಯ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ರೆಕಾರ್ಡರಿನ ಚೀಲವನ್ನು ಎಳೆಗೂಸಿನ ಹಾಗೆ ತೊಡೆಯ ಮೇಲೆ ಅವಚಿಕೊಂಡು ಕೂತಿದ್ದ ಕಿಜ್ಜಳ ಮೂಗಿಗೆ ಬಾಳೆತೋಟದ ತಿರುವಿನಲ್ಲೇ ಅದು ಹೊಡೆಯಿತು. ಹೊಗೆ ಕುಡಿದು ಕುಡಿದು ಕಪ್ಪಾದ ಮರದ ವಾಸನೆ, ಅದರೊಳಗೆ ಹೆಣೆದುಕೊಂಡ, ಆಗತಾನೇ ಕಡಿದ ಬಾಳೆದಿಂಡಿನ ಒಗರು. ಚಿಕ್ಕವಳಿದ್ದಾಗ ಈ ಎರಡು ವಾಸನೆ ಕೂಡಿ ಬಂದರೆ ಅರ್ಥ ಒಂದೇ. ಅಡುಗೆಮನೆಯ ಅಟ್ಟದಿಂದ ಹಲಗೆಗಳು ಇಳಿದಿವೆ, ಅಂಗಳದ ಗುಂಡಿಯ ಎರಡು ದಡಕ್ಕೂ ಬಾಳೆದಿಂಡು ಹಾಸಿದ್ದಾರೆ, ದಿಂಡಿನ ಮೇಲೆ ಹಲಗೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುತ್ತಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಗಂಡಸರು ಎದುರು ಬದುರು ಕೂತು ಆ ಹಲಗೆಗಳ ವಾದ್ಯವನ್ನು, ಎಂಬೈರೆಯನ್ನು, ಕೋಲುಗಳಿಂದ ಬಾರಿಸುತ್ತಾರೆ. ಆ ದಿನ ಅವ್ವ ಯಾರಿಗೂ ಬೈಯುವುದಿಲ್ಲ. ನೀರು ತರದಿದ್ದರೂ ಬೈಯುವುದಿಲ್ಲ. ಐವತ್ತು ದಾಟಿದ ಮೈ ಈಗಲೂ ಆ ವಾಸನೆಗೆ ಹಗುರಾಯಿತು, ಬೈಗಳಿಲ್ಲದ ಒಂದು ದಿನ ಎದುರಿಗಿದೆ ಎಂದು ನಂಬಿತು. ನಂಬಿದ ಮರುಗಳಿಗೆಯೇ ಅವಳಿಗೆ ನಾಚಿಕೆಯಾಯಿತು. ಮೈಗೆ ಏನೂ ಗೊತ್ತಿರುವುದಿಲ್ಲ. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರುವುದಿಲ್ಲ.

ಅಂಗಳದಲ್ಲಿ ಗಂಡಸರು ಆಗಲೇ ಕೂತಿದ್ದರು. ಅವಳು ಚೀಲ ಇಳಿಸಿ ಮಂಡಿಯೂರಿ ಒಬ್ಬೊಬ್ಬರನ್ನೇ ವಿಚಾರಿಸಿದಳು. ಮನೆ ಹೇಗಿದೆ, ಮಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ. ಮಂಡಿಯ ಮೂಳೆ ಲಟಕ್ಕೆಂದಿತು. ಚಿಕ್ಕ ಹಲಗೆಗಳ ತುದಿಯಲ್ಲಿ ಕೂರುವ ಮುದುಕ ಗುಲೋಬ ಅದನ್ನು ಕೇಳಿಸಿಕೊಂಡು, "ಹಾಡು ಹಿಡಿಯೋಳು ಬಂದ್ಲು ಕಣ್ರಪ್ಪ, ಮೊದ್ಲು ಕೋಳಿಗಳ್ನ ಒಳಗೆ ಮುಚ್ಚಿ. ಕೂಗಿದ್ರೆ ಅವನ್ನೂ ಹಿಡ್ಕೊಂಡು ಕಂಪಾಲಾಕ್ಕೆ ಹೊರಟುಬಿಡ್ತಾಳೆ," ಎಂದ. ಎಲ್ಲರೂ ನಕ್ಕರು. ಅಷ್ಟು ನಗುವ ಮಾತೇನೂ ಅಲ್ಲ ಅದು. ಹಲಸಿನ ಮರದ ಬುಡದಲ್ಲಿ ಬಾಳೆಪಟ್ಟೆ ಸೀಳುತ್ತ ಕೂತಿದ್ದ ತೆನ್ವನ ಕಡೆ ವಾರೆಗಣ್ಣಿನಲ್ಲಿ ನೋಡಿಕೊಂಡೇ ನಗುತ್ತಿದ್ದರು. ಈ ಅಂಗಳದಲ್ಲಿ ಹೋದ ಮಳೆಗಾಲದಿಂದ ಹೀಗೆಯೇ ನಗುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಬಾವಿಗೆ ಬೇಲಿ ಹಾಕಿದ ಹಾಗೆ ಅವನ ಸುತ್ತ ನಗು ಹಾಕಿದ್ದಾರೆ.

ಅವಳಿಗಳು ಸಾಯುವುದಿಲ್ಲ, ಹಾರುತ್ತಾರೆ. ಅವ್ವ ಹೇಳುತ್ತಿದ್ದಳು, ಅವ್ವನಿಗೆ ಅವಳ ಅತ್ತೆ ಹೇಳಿದ್ದಳು. ಹಾರಿದವನಿಗಾಗಿ ಯಾರಾದರೂ ಅತ್ತರೆ ಉಳಿದವನ ಬೆನ್ನಲ್ಲೂ ರೆಕ್ಕೆ ಒಡೆಯುತ್ತದೆ. ಆದ್ದರಿಂದ ವೈಸ್ವ ಹಾರಿಹೋದಾಗ ಹೆಂಗಸರು ಎದೆ ಬಡಿದುಕೊಳ್ಳಲಿಲ್ಲ, ಗಂಡಸರು ತಲೆ ಬೋಳಿಸಲಿಲ್ಲ. ಅವನ ಹೆಂಡತಿ ಮುತೇಸಿ ಅವತ್ತೂ ಗೆಣಸು ಬೇಯಿಸಿದಳಂತೆ. ತೆನ್ವ ಅವನಿಗಿಂತ ಸ್ವಲ್ಪವೇ ಹೊತ್ತು ತಡವಾಗಿ ಹುಟ್ಟಿದವನು, ಕಿಜ್ಜ ಇಬ್ಬರ ಬೆನ್ನಿಗೆ ಹುಟ್ಟಿದವಳು. ಅವಳಿಗಳ ಹಿಂದೆ ಬಾಗಿಲು ಮುಚ್ಚಿಕೊಂಡು ಬಂದವಳಿಗೆ ಆ ಹೆಸರೇ ಇಡಬೇಕು. ಅವಳೂ ಅತ್ತಿಲ್ಲ. ಅಳುವ ಹಕ್ಕನ್ನೇ ಕಳೆದುಕೊಂಡಿದ್ದೇನೆ, ಹಾಗಾಗಿ ನನಗೆ ಈ ನಿಯಮ ಅನುಕೂಲವೇ ಆಯಿತು ಎಂದು ಒಮ್ಮೊಮ್ಮೆ ಅಂದುಕೊಂಡಿದ್ದಾಳೆ.

"ಬಂದ್ಯಾ," ಎಂದ ತೆನ್ವ. ಕೈ ಬಾಳೆಪಟ್ಟೆ ಬಿಡಲಿಲ್ಲ. "ದಾರೀಲಿ ಧೂಳಿತ್ತಾ?"

"ಸ್ವಲ್ಪ ಇತ್ತಣ್ಣ."

ಅಷ್ಟೇ. ವೈಸ್ವನನ್ನು ಮಣ್ಣಿಗೆ ಇಡುವ ಹೊತ್ತಿಗೆ ಎಲ್ಲಿದ್ದೆ ಎಂದು ಅವನು ಆಗಲೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಆಗ ಅವಳು ಪೂರ್ವದ ದೊಡ್ಡ ಬೆಟ್ಟದ ಮೇಲಿದ್ದಳು. ಅಲ್ಲೊಬ್ಬ ಮುದುಕಿ ತೀರಿಕೊಂಡ ತನ್ನ ತಮ್ಮನಿಗಾಗಿ ಹಾಡುವ ಅಳುವ ಹಾಡನ್ನು ಹಿಡಿಯುತ್ತಿದ್ದಳು. ರೆಕಾರ್ಡರಿನ ಬ್ಯಾಟರಿ ಸೋತು ಮುದುಕಿಯ ಧ್ವನಿ ಎಳೆದ ಹಾಗೆ ಕೇಳಿದಾಗ, ಉಳಿದುಕೊಂಡಿದ್ದ ಮನೆಯ ಯಜಮಾನ ತಾನೇ ಎದ್ದು, ಗೂಟಕ್ಕೆ ನೇತುಹಾಕಿದ್ದ ರೇಡಿಯೋದ ಬೆನ್ನು ಬಿಚ್ಚಿ ಬ್ಯಾಟರಿ ತೆಗೆದುಕೊಟ್ಟ. ಒಂದೆರಡು ದಿನ ಸುದ್ದಿ ಕೇಳದಿದ್ದರೆ ಏನಾಗುತ್ತೆ ಬಿಡಿ ಅಮ್ಮ ಎಂದ. ಸಂಜೆ, ಸಾವಿನ ಸುದ್ದಿಗಳನ್ನು ಓದುವ ಹೊತ್ತಿಗೆ, ರೂಢಿಯಂತೆ ಮನೆಮಂದಿಯೆಲ್ಲ ರೇಡಿಯೋದ ಕಡೆ ತಿರುಗಿ, ಅದು ಮೂಕವಾಗಿದ್ದುದನ್ನು ಕಂಡು, ಅತಿಥಿಗೆ ಬೇಸರವಾದೀತೆಂದು ಮೆಲ್ಲಗೆ ಮುಖ ತಿರುಗಿಸಿಕೊಂಡರು. ಅದೇ ಸಂಜೆ ತೆನ್ವ ಸೈಕಲ್ ತುಳಿದು ಜಿಂಜಾ ಪೇಟೆಗೆ ಹೋಗಿ, ರೇಡಿಯೋ ಪ್ರಕಟಣೆ ಬರೆದುಕೊಳ್ಳುವವನ ಹತ್ತಿರ ವಾದ ಮಾಡಿದ್ದನಂತೆ. ಸಾವಿನ ಸುದ್ದಿಯಲ್ಲಿ ಹಾಕಬೇಡ, ಅವನು ಸತ್ತಿಲ್ಲ, ಹಾರಿದ್ದಾನೆ, ಕಿಜ್ಜ ಮನೆಗೆ ಬರಬೇಕು ಅಂತ ಬರಿ ಸಾಕು ಎಂದನಂತೆ. ಬರೆದುಕೊಳ್ಳುವವನು ಮೊದಲು ನಕ್ಕು, ಆಮೇಲೆ ಹಾಗೆಯೇ ಬರೆದುಕೊಂಡನಂತೆ. ಕಿಜ್ಜ ಮನೆಗೆ ಬರಬೇಕು ಎಂದು ಇಡೀ ನಾಡಿಗೆ ಕೇಳಿತು. ಅವಳು ಆಗ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಬೇರೆಯವರ ತಮ್ಮನಿಗಾಗಿ ಹರಿಯುತ್ತಿದ್ದ ದುಃಖ ಟೇಪಿಗೆ ಎಷ್ಟು ಸ್ವಚ್ಛವಾಗಿ ಬೀಳುತ್ತಿದೆ ಎಂದು ಯಂತ್ರದ ಮುಳ್ಳಿನ ಓಲಾಟ ನೋಡುತ್ತಿದ್ದಳು. ಚೆನ್ನಾಗಿ ಬಂತು ಎಂದು ಸಂತೋಷಪಟ್ಟಿದ್ದಳು.

ಈ ಸಲ ಕರೆ ತೆನ್ವನಿಂದಲೇ ಬಂದಿತ್ತು, ಕಂಪಾಲಾಕ್ಕೆ ಬಂದ ಕಾಫಿ ಲಾರಿಯವನ ಬಾಯಲ್ಲಿ. ಗುಂಡಿ ಮುಚ್ಚುತ್ತಿದ್ದೇವೆ, ಹಲಗೆಗಳನ್ನು ಹೊಳೆಯಾಚೆಯ ಹುಡುಗರಿಗೆ ಕೊಡುತ್ತೇವೆ, ಒಮ್ಮೆ ಬಾರಿಸಿ ಕೊಡುತ್ತೇವೆ, ಯಂತ್ರ ತರುವುದಿದ್ದರೆ ತರಲಿ. ಅವಳು ಎಷ್ಟು ಊರು ಸುತ್ತಿದ್ದಳು! ಹೊಳೆಯ ಮೀನುಗಾರರ ಹಾಡು, ದನ ಕಾಯುವವರ ಕೊಳಲು, ಸುನ್ನತಿಯ ಕುಣಿತ, ಮದುವೆಯ ಬೈಗುಳ. ಸ್ವಂತ ಅಂಗಳದ ಎಂಬೈರೆಯನ್ನು ಮಾತ್ರ ಹಿಡಿದಿರಲಿಲ್ಲ. ಮನೆಯದು ಎಲ್ಲಿ ಹೋಗುತ್ತದೆ, ಕೊನೆಗೆ ಹಿಡಿದರಾಯಿತು. ಅದರಲ್ಲೂ ಬಾಗಿಲಿನ ಮಟ್ಟು. ಅವಳು ಹುಟ್ಟಿ ಬಾಗಿಲು ಮುಚ್ಚಿದಳೆಂದು ಅವಳನ್ನು ಕಾಡಿಸಲು ಅಣ್ಣಂದಿರಿಬ್ಬರೂ ಮೀಸೆ ಮೂಡದ ವಯಸ್ಸಿನಲ್ಲಿ ಕಟ್ಟಿದ ಮಟ್ಟು ಅದು. ಎದುರು ಬದುರು ಕೂತು, ಒಂದೇ ಹಲಗೆಗಳ ಮೇಲೆ, ಒಬ್ಬನ ಏಟು ಮತ್ತೊಬ್ಬನ ಏಟಿನ ಸಂದಿಗೆ ಬೀಳುವಂತೆ ಬಾರಿಸಬೇಕು. ಉಳಿದವರು ಸುತ್ತ ತುಂಬುತ್ತಾರೆ, ನಡುವಿನದು ಇವರಿಬ್ಬರಿಗೇ ಗೊತ್ತು. ಇವತ್ತು ಅದು ಸಿಗದಿದ್ದರೆ ಇನ್ನು ಸಿಗುವುದಿಲ್ಲ. ವೈಸ್ವನ ಪಾಲು ಸಿಗುವುದಿಲ್ಲವೆಂದು ಗೊತ್ತಿದ್ದೂ, ತೆನ್ವನ ಪಾಲಿನೊಳಗೆ ಅದರ ಅಚ್ಚಾದರೂ ಉಳಿದಿರಬಹುದು ಎಂಬ ಆಸೆಯಿಂದ ಬಂದಿದ್ದಳು.

ಮೈಕಿನ ಕಾಲು ಊರಿದಳು. ಹೆಡ್‌ಫೋನಿನೊಳಗೆ ಅಂಗಳ ಹತ್ತಿರ ಬಂತು. ಆಡು ಮೇಯುವ ಸದ್ದು, ಯಾರದೋ ಹೊಟ್ಟೆಯ ಗುಡುಗುಡು, ಅಡುಗೆಮನೆಯಲ್ಲಿ ಮುತೇಸಿಯ ಕೆಮ್ಮು. ಹುಲ್ಲು ಚಾವಣಿಯ ಸಂದುಗಳಿಂದೆಲ್ಲ ದಟ್ಟ ಹೊಗೆ ಬರುತ್ತಿತ್ತು. ಬಾಗಿಲ ಪಕ್ಕದಲ್ಲೇ ಒಣಸೌದೆ ಎದೆಯೆತ್ತರ ಒಟ್ಟಿದೆ, ಆದರೂ ಇಷ್ಟು ಹೊಗೆ ಯಾಕೋ ಎಂದುಕೊಂಡಳು. ಮೈಕನ್ನು ಸ್ವಲ್ಪ ಹೊಗೆ ಬಾರದ ಕಡೆಗೆ ಸರಿಸಿದಳು. "ನಮ್ಮ ಮುತೇಸಿ ಈಚೀಚೆಗೆ ಹೊಗೆ ಒಂದನ್ನೇ ಬೇಯ್ಸೋದು," ಎಂದ ಗುಲೋಬ. "ಗೆಣಸು ಬಾಯಿಗಿಟ್ರೆ ಇದ್ದಿಲು ತಿಂದ ಹಾಗಾಗುತ್ತೆ." ಎಲ್ಲರೂ ಮತ್ತೆ ನಕ್ಕರು. ತೆನ್ವ ಬಂದು ತನ್ನ ಜಾಗದಲ್ಲಿ ಕೂತ. ಅವನ ಎದುರಿಗೆ ಒಂದು ಚಾಪೆ ಹಾಸಿತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ಕೋಳಿಯೊಂದು ಅದನ್ನು ದಾಟಿಹೋಗಲು ಬಂದಾಗ ಪಕ್ಕದವನು ನೋಡಿಯೂ ನೋಡದವನ ಹಾಗೆ ಕೈಯಾಡಿಸಿ ಓಡಿಸಿದ.

ರೆಕಾರ್ಡರಿನ ಗುಂಡಿ ಒತ್ತಿದಳು. ಟೇಪು ತಿರುಗತೊಡಗಿತು. ಪ್ರತಿ ಟೇಪಿನ ತಲೆಯಲ್ಲೂ ಊರು, ವಾದ್ಯ, ಮಟ್ಟು, ಜನರ ಹೆಸರು ಹೇಳಬೇಕು. ಕೆಲಸಕ್ಕೆ ಸೇರಿದ ದಿನದಿಂದ ಹೇಳುತ್ತ ಬಂದಿದ್ದಾಳೆ. ಏರಿಳಿತವಿಲ್ಲದ ಧ್ವನಿ, ಅದು ಅವಳದೂ ಅಲ್ಲವೆನ್ನುವಂಥ ಧ್ವನಿ. ಬುಲುಗೋ ಊರು ಎಂದಳು. ಎಂಬೈರೆ ಎಂದಳು. ಬಾಗಿಲಿನ ಮಟ್ಟು ಎಂದಳು. ಬಾರಿಸುವವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಮಟ್ಟು ಕಟ್ಟಿದವರು ತೆನ್ವ ಮತ್ತು ದಿವಂಗತ ವೈಸ್ವ ಎಂದಳು.

ಹೆಡ್‌ಫೋನಿನಲ್ಲಿ ಅದು ಮೊದಲು ಬೇರೆ ಯಾರೋ ಆಡಿದ ಮಾತಿನಂತೆ ಕೇಳಿತು. ಆಮೇಲೆ ಅಂಗಳದ ನಿಶ್ಶಬ್ದ ಕೇಳಿತು, ಅವಳು ಜೀವಮಾನದಲ್ಲಿ ಹಿಡಿದ ಯಾವುದಕ್ಕಿಂತಲೂ ಸ್ವಚ್ಛವಾಗಿ. ಗುಲೋಬನ ಕೈಯಿಂದ ಕೋಲು ಜಾರಿ ಹಲಗೆಯ ಮೇಲೆ ಉರುಳಿ ಒಂದು ಸ್ವರ ಕೊಟ್ಟು ಸುಮ್ಮನಾಯಿತು. ಅಷ್ಟು ದಿನ ಊರೆಲ್ಲ ಸೇರಿ, ಮಕ್ಕಳು ಮುದುಕರೆನ್ನದೆ, ಕುಡುಕರೂ ಕೂಡ, ನಾಲಿಗೆಯ ಮೇಲೆ ಕಾವಲಿಟ್ಟು ದೂರವಿಟ್ಟಿದ್ದ ಮಾತು. ಓದಿಬಂದವಳು, ಅವರ ತಂಗಿ, ಬಾಗಿಲು ಮುಚ್ಚಿದವಳೇ ಅದನ್ನು ತಂದು ಅವನ ಮುಂದೆ ಹಾಕಿದ್ದಳು. ತೆನ್ವ ಅವಳನ್ನು ನೋಡಿದ. ಸಿಟ್ಟಿನ ನೋಟವಲ್ಲ. ಚಿಕ್ಕವಳಿದ್ದಾಗ ಹಾಲಿನ ಸೋರೆಬುರುಡೆ ಒಡೆದಾಗ, ಅವ್ವ ಬರುವ ಮೊದಲು ಅಣ್ಣಂದಿರಿಬ್ಬರೂ ಒಟ್ಟಿಗೆ ಅವಳ ಕಡೆ ನೋಡಿದ್ದರಲ್ಲ, ಇವಳಿಗೆ ಈಗ ಏನು ಮಾಡೋಣ ಎನ್ನುವ ಹಾಗೆ, ಅಂಥದು. ಅವನು ಕೋಲುಗಳನ್ನು ಹಲಗೆಯ ಮೇಲಿಟ್ಟು ಎದ್ದು ಮನೆಯ ಹಿಂದಕ್ಕೆ ನಡೆದುಬಿಟ್ಟ.

ಯಾರೂ ಅವಳ ಕಡೆ ನೋಡಲಿಲ್ಲ. ಆ ದಯೆಯನ್ನು ತಾಳುವುದು ಕಷ್ಟವಾಗಿತ್ತು. "ಪಟ್ಟಣದಲ್ಲಿ ಜನ ಸಾಯೋದು ಜಾಸ್ತಿ," ಎಂದ ಗುಲೋಬ ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ಬಾಯಿಗೆ ರೂಢಿ ಬಿದ್ದಿರುತ್ತೆ, ಪಾಪ." ಅವಳ ಬೆರಳು ಹಿಂದಕ್ಕೆ ಸುತ್ತುವ ಗುಂಡಿಯ ಮೇಲೆ ಹೋಗಿ ನಿಂತಿತ್ತು. ಅದೇ ಗುಂಡಿಯಿಂದ ಎಷ್ಟು ಕೆಮ್ಮುಗಳನ್ನು, ನಾಯಿಗಳನ್ನು, ಹಟ ಮಾಡುವ ಕೂಸುಗಳನ್ನು ಅಳಿಸಿದ್ದಾಳೆ. ಟೇಪಿನಿಂದ ಅಳಿಸಬಹುದು. ಅಷ್ಟೂ ಜನರ ಕಿವಿಯಿಂದ ಅಳಿಸುವುದು ಹೇಗೆ? ಒಮ್ಮೆ ಅಣ್ಣಂದಿರನ್ನು ಕಂಪಾಲಾಕ್ಕೆ ಕರೆಸಿಕೊಂಡಿದ್ದಳು, ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಗೆ. ಒಬ್ಬೊಬ್ಬರ ಪಾಲನ್ನು ಬೇರೆ ಬೇರೆಯಾಗಿ ಹಿಡಿದರೆ ಮುಂದೆ ಕಲಿಯುವವರಿಗೆ ಅನುಕೂಲ ಎಂದು ವೈಸ್ವನೊಬ್ಬನನ್ನೇ ಪುಟ್ಟ ಎಂಬೈರೆಯ ಮುಂದೆ ಕೂರಿಸಿದ್ದಳು. ಅವನು ಕೋಲೆತ್ತಿ, ಹೊಡೆದು, ನಿಲ್ಲಿಸಿ, ಮತ್ತೆ ಹೊಡೆದು, ಗಾಜಿನಾಚೆ ಇದ್ದ ತಂಗಿಯನ್ನು ನೋಡಿ ಪೆಚ್ಚಾಗಿ ನಕ್ಕಿದ್ದ. ಆಗೋದಿಲ್ಲ ಕಿಜ್ಜಾ, ನನ್ನ ಜಾಗ ಎಲ್ಲಿ ಅಂತ ಅವನು ಹೊಡೆದ ಮೇಲೆ ತಾನೇ ಗೊತ್ತಾಗೋದು ಎಂದಿದ್ದ. ಪಕ್ಕದಲ್ಲಿದ್ದ ತಂತ್ರಜ್ಞ ನಕ್ಕ. ಅವಳೂ ನಕ್ಕಳು, ನಕ್ಕು, ತನ್ನ ಅಣ್ಣನಿಗೆ ತನ್ನ ಪಾಲೇ ಗೊತ್ತಿಲ್ಲವಲ್ಲ ಎಂದು ಆ ತಂತ್ರಜ್ಞನ ಮುಂದೆ ನಾಚಿಕೊಂಡಳು. ಪೇಟೆಯ ಅಂಗಿ ಹಾಕಿಕೊಂಡು ಬಂದಿದ್ದ ವೈಸ್ವ ಬೆವರು ಒರೆಸಿಕೊಳ್ಳುತ್ತಿದ್ದ. ಇನ್ನೊಂದು ಸಲ ಮಾಡೋಣ ಬಿಡು ಎಂದಿದ್ದಳು. ಆ ಇನ್ನೊಂದು ಸಲ ಯಾವುದೋ ಊರಿನ ಯಾರದೋ ಹಾಡಿಗೆ ಖರ್ಚಾಗಿಹೋಯಿತು.

ತೆನ್ವ ತಿರುಗಿ ಬಂದ. ಕೈಯಲ್ಲಿ ಇನ್ನೊಂದು ಜೊತೆ ಕೋಲುಗಳಿದ್ದವು. ಹಿಡಿ ಸವೆದು ನುಣುಪಾದವು, ಎಡಗೈಯದು ಸ್ವಲ್ಪ ಗಿಡ್ಡ. ವೈಸ್ವ ಎಡಚ. ಅವನ್ನು ಖಾಲಿ ಚಾಪೆಯ ಮುಂದಿನ ಹಲಗೆಯ ಮೇಲಿಟ್ಟು, ತನ್ನ ಜಾಗಕ್ಕೆ ಹೋಗಿ ಕೂತು, ಅವಳನ್ನು ಕರೆದ.

"ಇಲ್ಲ ಅಂದ್ಯಲ್ಲ. ಬಾ, ಕೂತ್ಕೊ. ಇದ್ದಾನೋ ಇಲ್ವೋ ನೀನೇ ನೋಡು."

ಹೆಂಗಸರು ಎಂಬೈರೆಗೆ ಕೂರುವುದಿಲ್ಲ. ಗುಲೋಬ ಗಂಟಲು ಸರಿಮಾಡಿಕೊಂಡ, ತೆನ್ವ ಅವನ ಕಡೆ ತಿರುಗದೆಯೇ, "ಅವ್ಳು ಕಿಜ್ಜ. ನಮ್ಮಿಬ್ರ ಹಿಂದೆ ಬಂದೋಳು. ಆ ಚಾಪೆ ಮೇಲೆ ಇನ್ಯಾರು ಕೂರ್ತಾರೆ, ನೀನು ಕೂರ್ತೀಯಾ?" ಎಂದ. ಗುಲೋಬ ಜಾರಿಬಿದ್ದ ತನ್ನ ಕೋಲನ್ನು ಎತ್ತಿಕೊಂಡ. ಅವಳಿಗೆ ಬರುವುದಿಲ್ಲ ಎನ್ನಬೇಕೆಂದಿತ್ತು. ಆದರೆ ಬರುತ್ತಿತ್ತು, ಅಥವಾ ಒಂದು ಕಾಲಕ್ಕೆ ಬರುತ್ತಿತ್ತು. ವೈಸ್ವ ಆಡು ಹೊಡೆದುಕೊಂಡು ಹೋದ ದಿನಗಳಲ್ಲಿ, ಅಭ್ಯಾಸಕ್ಕೆ ಯಾರೂ ಸಿಗದೆ ತೆನ್ವ ಅವಳನ್ನು ಅಡುಗೆಮನೆಯ ಹಿಂದೆ ಕೂರಿಸಿಕೊಂಡು, ಬಿದ್ದ ಬಾಳೆದಿಂಡೊಂದರ ಮೇಲೆ ಸೌದೆಚೂರಿನಿಂದ ಬಾರಿಸುತ್ತಿದ್ದ. ಅವ್ವ ಬಂದರೆ ಸೊಪ್ಪು ಜಜ್ಜುವ ಹಾಗೆ ನಟಿಸಬೇಕಿತ್ತು. ಅವಳು ಹೆಡ್‌ಫೋನ್ ತೆಗೆದು ಚೀಲದ ಮೇಲಿಟ್ಟಳು. ಯಂತ್ರ ಓಡುತ್ತಲೇ ಇತ್ತು. ಉದ್ದ ಉಡುಪನ್ನು ಮಂಡಿಯ ಸುತ್ತ ಒತ್ತಿಕೊಂಡು ಚಾಪೆಯ ಮೇಲೆ ಕೂತಳು. ಕೋಲು ಎತ್ತಿದಾಗ ಗಿಡ್ಡ ಕೋಲು ಬಲಗೈಗೆ ಬಂದಿತ್ತು, ಬದಲಾಯಿಸಿಕೊಂಡಳು.

ತೆನ್ವ ಶುರುಮಾಡಿದ. ಎದುರಿಗೆ ಕೂತು ಕೇಳಿದರೆ ಅದು ಮಟ್ಟೇ ಅಲ್ಲ. ಹಲ್ಲು ಬಿದ್ದ ಬಾಚಣಿಗೆಯ ಹಾಗೆ, ಏಟಿಗೊಂದು ಸಂದು, ಸಂದಿಗೊಂದು ಏಟು. ಅವಳು ಮೊದಲ ಏಟು ಹಾಕಿದಳು, ಅದು ಅವನ ಕೋಲಿಗೇ ತಾಗಿತು. ಎರಡನೆಯದು ತಡವಾಗಿ ಬಿತ್ತು. ಯಾರೋ ನಕ್ಕರು, ನಿಜವಾದ ನಗು. ತೆನ್ವ ತಲೆ ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ; ಗೊತ್ತಾಗದ ಹಾಗೆ ವೇಗ ಇಳಿಸಿದ. ಜಾತ್ರೆಯ ದಾರಿಯಲ್ಲಿ ಪುಟ್ಟ ಮಗುವಿಗಾಗಿ ಹೆಜ್ಜೆ ಚಿಕ್ಕದು ಮಾಡುವವರು ಹೀಗೆಯೇ, ತಾವು ಹಾಗೆ ಮಾಡುತ್ತಿದ್ದೇವೆಂದು ತೋರಿಸಿಕೊಳ್ಳದೆ ನಡೆಯುತ್ತಾರೆ. ಅವಳು ನೆನಪು ಮಾಡಿಕೊಳ್ಳುವುದನ್ನು ಬಿಟ್ಟು ಬರೀ ಅವನನ್ನು ಕೇಳಿಸಿಕೊಂಡಳು. ಆಗ ಕೈಗೆ ತಾನಾಗಿ ಜಾಗ ಸಿಗತೊಡಗಿತು. ವೈಸ್ವನ ಪಾಲು ಎಂಬುದು ಬೇರೆ ಎಲ್ಲೂ ಇರಲಿಲ್ಲ, ತೆನ್ವ ಬಿಟ್ಟುಕೊಟ್ಟ ಜಾಗವೇ ಅದು. ಮೆತ್ತೆ ಹೊದಿಸಿದ ಆ ಕೋಣೆಯಲ್ಲಿ ವೈಸ್ವ ಪೆಚ್ಚಾಗಿ ನಕ್ಕು ಹೇಳಿದ್ದು ನಿಜಕ್ಕೂ ಇಷ್ಟೇ ಆಗಿತ್ತು. ಗುಲೋಬ ಚಿಕ್ಕ ಹಲಗೆಗಳ ಮೇಲೆ ಸೇರಿಕೊಂಡ, ದೊಡ್ಡ ಹಲಗೆಗಳವರು ಸೇರಿಕೊಂಡರು, ಕೆಳಗಿನ ಗುಂಡಿ ಗುಮ್ಮೆಂದಿತು, ಬಾಳೆದಿಂಡಿನ ನಡುಕ ತೊಡೆಗೆ ಬಂತು. ಮತ್ತೆ ಸ್ವಲ್ಪ ಹೊತ್ತು, ಇಬ್ಬರಲ್ಲಿ ಯಾರ ಕೋಲಿನಿಂದಲೂ ಬರದ ಒಂದು ಮೂರನೆಯ ಸ್ವರ ಹಲಗೆಗಳ ಮೇಲೆ ಎದ್ದು ನಡೆಯತೊಡಗಿತು, ಬಾಗಿಲು ತೆಗಿ, ಬಾಗಿಲು ತೆಗಿ ಎಂದು ಚಿಕ್ಕವಳಿದ್ದಾಗ ಅವಳನ್ನು ಅಳಿಸುತ್ತಿದ್ದ ಅದೇ ಸ್ವರ. ಅವನು ಇದ್ದ. ಅಂಗಳಕ್ಕೆಲ್ಲ ಕೇಳುವ ಹಾಗೆ ಇದ್ದ.

ಅವಳ ಕಣ್ಣು ತುಂಬಿತು. ಹಲಗೆಗಳು ಮಸುಕಾದವು. ಅಳಬಾರದು, ತೆನ್ವನ ಮುಂದೆ ಕೂತು, ಅವನ ಬೆನ್ನಿಗೆ ರೆಕ್ಕೆ ಬರುವಂತೆ. ಉಸಿರು ಬಿಗಿಹಿಡಿದಳು, ಉಸಿರು ಹಿಡಿದ ಕೂಡಲೇ ಕೈ ತಪ್ಪಿತು, ಜಾಗ ಸಿಗಲಿಲ್ಲ, ಮತ್ತೆ ಹುಡುಕಿದಳು, ಸಿಗಲಿಲ್ಲ, ಕೋಲು ಮಡಿಲಿಗೆ ಬಂತು. ಮೂರನೆಯ ಸ್ವರ ನಡೆಯುತ್ತ ನಡೆಯುತ್ತಲೇ ಇಲ್ಲವಾಯಿತು. ತೆನ್ವ ನಿಲ್ಲಿಸಲಿಲ್ಲ. ತನ್ನ ಏಟುಗಳನ್ನು ಹಾಕುತ್ತ, ಸಂದುಗಳನ್ನು ಬಿಡುತ್ತ, ಯಾರೂ ಬಾರದ ಜಾಗಗಳನ್ನು ಅಷ್ಟೇ ಜೋಪಾನವಾಗಿ ಬಿಡುತ್ತ ಹೋದ.

"ಕಿಜ್ಜಾ," ಎಂದು ಅಡುಗೆಮನೆಯಿಂದ ಮುತೇಸಿ ಕರೆದಳು. "ಸ್ವಲ್ಪ ಬಾರೇ ಇಲ್ಲಿ. ಒಲೆ ಹತ್ತಿಕೊಳ್ತಾ ಇಲ್ಲ."

ಅವಳು ಎದ್ದು, ಕಾಲು ಜೋಮು ಹಿಡಿದದ್ದಕ್ಕೆ ಎಡವುತ್ತ, ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದಳು. ಒಳಗೆ ಕತ್ತಲೂ ಹೊಗೆಯೂ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಒಲೆ ಹತ್ತಿಕೊಂಡೇ ಇತ್ತು, ಮಡಕೆ ಕುದಿಯುತ್ತಲೇ ಇತ್ತು. ಮುತೇಸಿ ಮೂಲೆಯಿಂದ ಎಲೆ ಕೂಡ ಬಾಡದ ಕೊಂಬೆಯೊಂದನ್ನು ಎಳೆದು ಬೆಂಕಿಗೆ ತಳ್ಳಿದಳು. ಬೆಂಕಿ ಚುಂಯ್ಗುಟ್ಟಿತು, ನೊರೆ ಉಕ್ಕಿಸಿತು, ಬಿಳಿ ಹೊಗೆ ದಪ್ಪವಾಗಿ ಎದ್ದು ಇಬ್ಬರ ಮುಖವನ್ನೂ ಮುಚ್ಚಿತು.

"ಹಸಿ ಸೌದೆ," ಎಂದಳು ಮುತೇಸಿ. "ಕಣ್ಣು ಉರಿಯುತ್ತೆ. ಏನು ಮಾಡೋಕಾಗುತ್ತೆ."

ಬಾಗಿಲ ಪಕ್ಕದ ಎದೆಯೆತ್ತರದ ಒಣಸೌದೆ ಕಿಜ್ಜಳ ಕಣ್ಣ ಮುಂದೆ ಬಂತು. ಹೋದ ಮಳೆಗಾಲದಿಂದ ಮುಟ್ಟದೆ ಇಟ್ಟಿದ್ದು. ಈ ಹೆಂಗಸು ದಿನಾ ಬೆಳಿಗ್ಗೆ ಕತ್ತಿ ಹಿಡಿದು ಹೋಗಿ, ಹಸಿ ಕೊಂಬೆಗಳನ್ನು ಕಡಿದು, ಹೊತ್ತು ತಂದು, ಮಕ್ಕಳ ಕೈಲೂ ಗುಲೋಬನ ಕೈಲೂ ಅನ್ನಿಸಿಕೊಂಡು, ತನ್ನ ಅಳುವಿಗೊಂದು ಸೂರು ಕಟ್ಟಿಕೊಂಡಿದ್ದಾಳೆ. ಇವತ್ತು ಅದರೊಳಗೆ ನಾದಿನಿಗೂ ಜಾಗ ಬಿಟ್ಟಿದ್ದಾಳೆ.

"ಹೌದು ಅತ್ತಿಗೆ," ಎಂದಳು. "ತುಂಬ ಹೊಗೆ."

ಇಬ್ಬರೂ ಒಲೆಯ ಆಚೆ ಈಚೆ ಕುಕ್ಕುರುಗಾಲಲ್ಲಿ ಕೂತರು. ಕಣ್ಣಿಂದ ಸದ್ದಿಲ್ಲದೆ ಸುರಿಯಿತು. ತಡೆಯಲಾಗದಾಗ ಕೆಮ್ಮಿದರು. ಬೆಟ್ಟದ ಮೇಲಿನ ಆ ಮುದುಕಿಯ ಅಳು, ರೇಡಿಯೋದ ಖಾಲಿ ಬೆನ್ನು, ಪೇಟೆಯ ಅಂಗಿಯೊಳಗೆ ಬೆವರುತ್ತಿದ್ದ ವೈಸ್ವ, ಎಲ್ಲವೂ ಮೂಗಿನಲ್ಲಿ ಕಣ್ಣಿನಲ್ಲಿ ಇಳಿದವು. ಒಂದು ಸಲ ಮುತೇಸಿ ಕೈ ಚಾಚಿ ತನ್ನ ಬಟ್ಟೆಯ ಅಂಚಿನಿಂದ ಅವಳ ಗಲ್ಲ ಒರೆಸಿ, "ಮಸಿ ಆಗಿದೆ," ಎಂದಳು. ಹೊರಗೆ ತೆನ್ವನ ಏಟುಗಳು ಬೀಳುತ್ತಲೇ ಇದ್ದವು. ಉಳಿದವರೂ ಒಬ್ಬೊಬ್ಬರಾಗಿ ಕೋಲು ಇಟ್ಟಿರಬೇಕು, ಅವನೊಬ್ಬನೇ ಕೇಳುತ್ತಿದ್ದ. ಟೇಪು ತಿರುಗುತ್ತಿರಬೇಕು. ಅದರಲ್ಲಿ ಅವಳು ಆಡಬಾರದ ಮಾತಿದೆ, ತಪ್ಪಿದ ಕೈಯಿದೆ, ಸ್ವಲ್ಪ ಹೊತ್ತು ವೈಸ್ವನಿದ್ದಾನೆ, ಆಮೇಲೆ ಅವನ ಜಾಗವಿದೆ, ಈಗ ಇಬ್ಬರು ಹೆಂಗಸರ ಕೆಮ್ಮು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಇನ್ನೊಂದು ಸಲ ಬಾರಿಸಿ ಎಂದು ಅವನನ್ನು ಕೇಳಲಾರೆ ಎಂಬುದೊಂದು ಅವಳಿಗೆ ಸ್ಪಷ್ಟವಾಗಿತ್ತು.

"ತೆನ್ವನೂ ಬರ್ತಾನೆ ಒಮ್ಮೊಮ್ಮೆ," ಎಂದಳು ಮುತೇಸಿ, ಮಡಕೆಯ ಬಾಳೆಲೆ ಮುಚ್ಚಳ ಎತ್ತುತ್ತ. "ತಂಬಾಕಿಗೆ ಕೆಂಡ ಬೇಕು ಅಂತ. ಅವನು ತಂಬಾಕು ಬಿಟ್ಟು ಎಷ್ಟು ಕಾಲವಾಯ್ತು."

ಎಂಬೈರೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಟೇಪು ಮುಗಿದು ಯಂತ್ರ ತಾನೇ ಟಕ್ಕೆಂದು ನಿಂತದ್ದೂ ಕೇಳಿತು. ಮುತೇಸಿ ಗೋಡೆಯಿಂದ ನೀಲಿ ಅಂಚಿನ ಎರಡು ತಟ್ಟೆ ಇಳಿಸಿದಳು. ಅವ್ವನ ಕಾಲದ ನಿಯಮ. ಅವಳಿಗಳಿಗೆ ಎರಡು ತಟ್ಟೆ, ಎರಡರಲ್ಲೂ ಸಮಸಮ, ಕೊಡುವುದೂ ಒಂದೇ ಗಳಿಗೆಗೆ. ಈಗಲೂ ದಿನಾ ಎರಡು ತುಂಬುತ್ತಾಳೆ, ಎರಡನೆಯದನ್ನು ದಾರಿಹೋಕರಿಗೋ ಸಂತೆಯ ಹುಚ್ಚನಿಗೋ ಕೊಟ್ಟು ಬರುತ್ತಾಳೆ ಎಂದು ಸೈಕಲ್ಲಿನವನು ಬರುವಾಗ ಹೇಳಿದ್ದ. ಗೆಣಸು ಇಟ್ಟಳು, ಮೇಲೆ ಕಡಲೆಕಾಯಿ ಸಾರು, ಪಕ್ಕಕ್ಕೆ ಹಿಡಿಯಷ್ಟು ಸಣ್ಣ ಒಣಮೀನು. ಒಂದರಲ್ಲಿ ಮೀನು ಹೆಚ್ಚಾದಂತೆ ಕಂಡಿತೋ ಏನೋ, ನಾಲ್ಕು ತೆಗೆದು ಇನ್ನೊಂದಕ್ಕೆ ಹಾಕಿದಳು.

ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು.

"ಒಂದು ಕೆಂಡ ಇದ್ರೆ ಕೊಡು," ಎಂದ ತೆನ್ವ. ಒಳಗೆ ಬರದೆ, ಹೊಸ್ತಿಲ ಮೇಲೆ ಕೂತು ಹೊಗೆಗೆ ಮುಖ ಕೊಟ್ಟ. ಯಾರೂ ಅವನ ಕಡೆ ನೋಡಲಿಲ್ಲ. ಮುತೇಸಿ ಇನ್ನೊಂದು ಹಸಿ ಕೊಂಬೆಯನ್ನು ಒಲೆಗೆ ತಳ್ಳಿ, ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಎದ್ದು, ನಡುವೆ ನಿಂತು, ಒಂದನ್ನು ಅವನ ಕಡೆಗೂ ಇನ್ನೊಂದನ್ನು ಕಿಜ್ಜಳ ಕಡೆಗೂ ಒಂದೇ ಗಳಿಗೆಗೆ ಚಾಚಿದಳು.